ಸರ್ಕಾರದ ಲೆಕ್ಕವೂ ರೈತನ ಎಣಿಕೆಯೂ

ಒಂದು ಹಳ್ಳಿಯ ಆಡಳಿತ ಚೆನ್ನಾಗಿ ನಡೆಯುತ್ತಿದೆಯೆ, ಕೆಟ್ಟಿದೆಯೆ ಎಂಬ ತೀರ್ಪನ್ನು ಕೊಡತಕ್ಕವರು ಯಾರು? ಸರ್ಕಾರದ ಕಚೇರಿಯನ್ನು ಕೇಳಿದರೆ ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಇಷ್ಟು ಮೈಲಿ ರಸ್ತೆ, ಇಷ್ಟು ಬಾವಿ, ಇಷ್ಟು ಶಾಲೆ, ಇಷ್ಟು ರೂಪಾಯಿ ವೆಚ್ಚ. ಅದೇ ಹಳ್ಳಿಯ ಅರಳಿಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೆ ಬೇರೊಂದು ಉತ್ತರ ಬರುತ್ತದೆ: ರಸ್ತೆ ಆಗಿರುವುದು ನಿಜ, ಆದರೆ ಅದು ಹೋಗುವುದು ಯಜಮಾನರ ತೋಟದವರೆಗೆ, ಬಾವಿ ತೋಡಿದ್ದೂ ನಿಜ, ಆದರೆ ರಾಟೆ ಮುರಿದು ಆರು ತಿಂಗಳಾಯಿತು, ಶಾಲೆಯ ಕಟ್ಟಡ ಇದೆ, ಮೇಷ್ಟರು ಮಾತ್ರ ಸೋಮವಾರ ಬಂದವರು ಗುರುವಾರ ಕಾಣಿಸುವುದಿಲ್ಲ. ಈ ಎರಡು ಉತ್ತರಗಳಲ್ಲಿ ಯಾವುದು ಸತ್ಯ? ಎರಡೂ ಸತ್ಯವಾಗಿರಬಹುದು. ಹಾಗಿರುವಲ್ಲಿ ಯಾವುದನ್ನು ನಂಬಿ ನಾವು ಒಂದು ಸಂಸ್ಥೆಯನ್ನು ಉಳಿಸಬೇಕು, ತಿದ್ದಬೇಕು, ಅಥವಾ ತೆಗೆದುಹಾಕಬೇಕು?

ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಗೆ ಸೇರಿದುದೆಂದು ಕೇಳುಗರು ಭಾವಿಸಬಾರದು. ನಮ್ಮ ನಾಡಿನಲ್ಲಿ ಸ್ಥಳೀಯ ಸಂಸ್ಥೆಗಳು ಹುಟ್ಟಿದುದು, ಬೆಳೆದುದು, ಮತ್ತೆ ಮತ್ತೆ ಮುಚ್ಚಿಹೋದುದು ಎಲ್ಲವೂ ಈ ತೀರ್ಪಿನ ಮೇಲೆಯೇ ನಿಂತಿದ್ದಿತು. ಆದುದರಿಂದ ಮೈಸೂರು ಸಂಸ್ಥಾನದಲ್ಲಿಯೂ, ಅನಂತರ ಅದನ್ನು ಒಳಗೊಂಡ ಕರ್ನಾಟಕದಲ್ಲಿಯೂ, ಗ್ರಾಮಾಂತರ ಪ್ರದೇಶದ ಆಡಳಿತವನ್ನು ಅಳೆದವರು ಯಾರು, ಯಾವ ಕೋಲಿನಿಂದ ಅಳೆದರು, ಅಳತೆಗೆ ಒಳಗಾದ ಪ್ರಜೆ ಏನೆಂದು ಭಾವಿಸಿದನು ಎಂಬುದನ್ನು ಈ ಹೊತ್ತು ಸ್ವಲ್ಪಮಟ್ಟಿಗೆ ವಿಚಾರ ಮಾಡೋಣ.

ಹಳೆಯ ಕಾಲದ ಗ್ರಾಮಾಡಳಿತವನ್ನು ಹೊಗಳುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮೊದಲಾದ ಆಯಗಾರರು ತಮ್ಮ ತಮ್ಮ ಕೆಲಸಗಳನ್ನು ಮಾಡಿ, ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು. ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗುಣವಿದ್ದಿತು. ಗದ್ದೆಗೆ ನೀರು ಬರದಿದ್ದರೆ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ಗೊತ್ತಿದ್ದಿತು. ನೀರಗಂಟಿ ಅದೇ ಊರಿನಲ್ಲಿ ವಾಸವಾಗಿದ್ದನು. ಕಣದಲ್ಲಿ ಕಾಳು ಅಳೆಯುವ ದಿನ ಅವನ ಕೆಲಸದ ಲೆಕ್ಕ ತಾನಾಗಿಯೇ ಹೊರಬೀಳುತ್ತಿದ್ದಿತು. ಆದರೆ ಕೇಳುವ ಹಕ್ಕು ಎಲ್ಲರಿಗೂ ಸಮನಾಗಿರಲಿಲ್ಲವೆಂಬುದನ್ನೂ ಹೇಳಲೇಬೇಕು. ಜಮೀನುಳ್ಳವನು ಕೇಳಬಹುದಾಗಿತ್ತು, ಊರ ಹೊರಗಿನ ಕೇರಿಯವನು ಬಾವಿಯ ಹತ್ತಿರ ಬರುವುದಕ್ಕೂ ಅವಕಾಶವಿರಲಿಲ್ಲ, ಇನ್ನು ಕೇಳುವುದೆಲ್ಲಿ? ಹೊಣೆಗಾರನ ಗುರುತು ಸ್ಪಷ್ಟವಾಗಿರುವುದು ಒಂದು, ಕೇಳುವವರ ವಲಯ ವಿಶಾಲವಾಗಿರುವುದು ಮತ್ತೊಂದು. ಮುಂದಿನ ನೂರೈವತ್ತು ವರ್ಷಗಳ ಚರಿತ್ರೆಯನ್ನು ಈ ಎರಡು ವಿಷಯಗಳ ಎಳೆದಾಟವೆಂದು ನಾವು ಓದಬಹುದು.

1831ರಿಂದ 1881ರವರೆಗೆ ಐವತ್ತು ವರ್ಷ ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದಿತು. ರಸ್ತೆ ಮೊದಲಾದ ಸ್ಥಳೀಯ ಕೆಲಸಗಳಿಗಾಗಿ ಕಂದಾಯದ ಜೊತೆಗೆ ಪಟ್ಟಿಯನ್ನು ವಸೂಲು ಮಾಡುವುದೂ, ಅದರ ವಿನಿಯೋಗಕ್ಕೆ ಜಿಲ್ಲೆಗಳಲ್ಲಿ ಸಮಿತಿಗಳನ್ನು ಇಡುವುದೂ ಆ ಕಾಲದಲ್ಲಿ ಮೊದಲಾಯಿತು. ಹಣವನ್ನು ಕೊಡುವವನು ರೈತ, ವೆಚ್ಚಮಾಡುವವರು ಅಧಿಕಾರಿಗಳು, ಲೆಕ್ಕ ಹೋಗುವುದು ಮೇಲಕ್ಕೆ. ಆಡಳಿತದ ಶಿಸ್ತಿನ ದೃಷ್ಟಿಯಿಂದ ಅದರಲ್ಲಿ ದೋಷ ಕಾಣದಿರಬಹುದು. ರೈತನ ಕಣ್ಣಿಗೆ ಮಾತ್ರ ಆ ಪಟ್ಟಿ ಕಂದಾಯದ ಮತ್ತೊಂದು ಹೆಸರಾಗಿಯೇ ಕಂಡಿರಬೇಕು. ಅದರ ಮೇಲೆ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಯಾವ ವಾರ್ಷಿಕ ವರದಿಯೂ ಮರೆಮಾಡಲಾಗದ ಮೌಲ್ಯನಿರ್ಣಯವದು.

1881ರ ಮಾರ್ಚಿಯಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಹಿಂದಿರುಗಿದ ಮೇಲೆ ದಿವಾನ್ ರಂಗಾಚಾರ್ಲು ಅವರು ಮಾಡಿದ ಮೊದಲ ದೊಡ್ಡ ಕಾರ್ಯಗಳಲ್ಲಿ ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆಯೂ ಒಂದು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಮಂದಿ ಪ್ರತಿನಿಧಿಗಳು ಕೂಡಿದರು. ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರುನಾಲ್ಕು ಮಂದಿ ವರ್ತಕರು. ಇವರನ್ನು ಆರಿಸಿ ಕಳುಹಿಸಿದವರು ಜಿಲ್ಲೆಯ ಲೋಕಲ್ ಫಂಡು ಸಮಿತಿಯವರು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯಕ್ಕೆ ಮತ ಕೊಡುವ ಅಧಿಕಾರವೂ ಇರಲಿಲ್ಲ. ಸರ್ಕಾರ ಕಳೆದ ವರ್ಷದಲ್ಲಿ ಏನು ಮಾಡಿತು, ಮುಂದೆ ಏನು ಮಾಡುವುದು ಎಂಬುದನ್ನು ದಿವಾನರು ಹೇಳುವುದು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಮುಂದಿಡುವುದು, ಅವಕ್ಕೆ ಉತ್ತರ ಪಡೆಯುವುದು, ಇಷ್ಟೇ ಅದರ ಕಾರ್ಯ.

ಇದನ್ನು ಕಂಡು ನಕ್ಕವರು ಆಗಲೂ ಇದ್ದರು, ಆಮೇಲೂ ಇದ್ದರು. ಅಧಿಕಾರವಿಲ್ಲದ ಸಭೆಯಿಂದ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಆದರೆ ನಮ್ಮ ಈ ದಿನದ ವಿಷಯದ ದೃಷ್ಟಿಯಿಂದ ನೋಡಿದರೆ, ಹಳ್ಳಿಗಾಡಿನ ಆಡಳಿತ ಹೇಗಿದೆ ಎಂಬುದನ್ನು ಅದರ ಫಲವನ್ನು ಉಣ್ಣುವವರಿಂದಲೇ ವರ್ಷಕ್ಕೊಮ್ಮೆ ಕೇಳಿ ತಿಳಿಯುವ ಕ್ರಮಬದ್ಧವಾದ ಏರ್ಪಾಡು ದೇಶೀಯ ಸಂಸ್ಥಾನಗಳಲ್ಲಿ ಇದಕ್ಕಿಂತ ಮೊದಲು ಕಾಣುವುದು ಕಷ್ಟ. ಕೆರೆಯ ತೂಬು ಕೆಟ್ಟದ್ದು, ಕಾಡಿನ ಸೌದೆಗೆ ಅಡ್ಡಿ, ಸಂತೆಯ ದಾರಿ, ಕಂದಾಯದ ಕಂತು, ಶಾಲೆ, ಆಸ್ಪತ್ರೆ ಇಂಥವೇ ಆ ಸಭೆಯ ಮಾತುಕತೆಯ ತಿರುಳು. ಒಬ್ಬ ಅಮಲ್ದಾರನ ವರದಿಯಲ್ಲಿ ಎಲ್ಲವೂ ಕ್ಷೇಮವೆಂದಿದ್ದರೂ, ಅದೇ ತಾಲ್ಲೂಕಿನ ರೈತ ದಿವಾನರ ಎದುರಿಗೆ ಎದ್ದುನಿಂತು ಕೆರೆ ಒಡೆದಿದೆ ಎಂದು ಹೇಳಬಹುದಾಗಿತ್ತು. ಕೆಲಸ ಆಗಲಿ, ಆಗದಿರಲಿ, ಉತ್ತರವೊಂದು ಬರುತ್ತಿದ್ದಿತು. ಸಭೆಗೆ ಬಲವಿಲ್ಲದಿದ್ದರೂ ಗೌರವ ಬೆಳೆದುದಕ್ಕೆ ಇದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಹೀಗೆಂದು ಅದರ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಅಲ್ಲಿ ಎದ್ದುನಿಂತವರು ಆಸ್ತಿವಂತರು. 1891ರಲ್ಲಿ ಚುನಾವಣೆಯ ಕ್ರಮ ಬಂದ ಮೇಲೆಯೂ ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳನ್ನು ಅನುಸರಿಸಿಯೇ ಇದ್ದಿತು. ಕೂಲಿಯವನ ಅಭಿಪ್ರಾಯ ಅಲ್ಲಿಗೆ ತಲುಪಬೇಕಾದರೆ ಯಾರಾದರೊಬ್ಬ ಜಮೀನ್ದಾರನ ಕರುಣೆಯ ಮೂಲಕವೇ ತಲುಪಬೇಕು. ಹೆಂಗಸರಿಗೆ ಮತದ ಹಕ್ಕು ದೊರೆಯುವುದಕ್ಕೆ ಇಪ್ಪತ್ತನೆಯ ಶತಮಾನದ ಮೂರನೆಯ ದಶಕ ಬರಬೇಕಾಯಿತು.

ಪ್ರತಿನಿಧಿ ಸಭೆ ಹುಟ್ಟಿದ ಮರುವರ್ಷ, 1882ರ ಮೇ 18ರಂದು, ಲಾರ್ಡ್ ರಿಪ್ಪನ್ ಅವರ ಸರ್ಕಾರ ಸ್ಥಳೀಯ ಸ್ವಯಮಾಡಳಿತದ ಬಗೆಗೆ ಪ್ರಸಿದ್ಧವಾದ ನಿರ್ಣಯವನ್ನು ಹೊರಡಿಸಿತು. ಸ್ಥಳೀಯ ಸಂಸ್ಥೆಗಳು ಆಡಳಿತವನ್ನು ಉತ್ತಮಪಡಿಸುವುದಕ್ಕಿಂತ ಮುಖ್ಯವಾಗಿ ಜನರಿಗೆ ರಾಜಕೀಯ ಶಿಕ್ಷಣವನ್ನು ಕೊಡುವ ಸಾಧನಗಳು ಎಂಬುದು ಅದರ ಆಶಯ. ಈ ಮಾತಿನಲ್ಲಿ ಒಂದು ಹೊಸ ಅಳತೆಗೋಲು ಅಡಗಿದೆ. ಶಾಲೆಯ ಹುಡುಗನ ಮೊದಲ ವರ್ಷದ ಅಕ್ಷರವನ್ನು ಪಂಡಿತನ ಅಕ್ಷರದೊಡನೆ ಹೋಲಿಸಿ, ಇವನಿಗೆ ವಿದ್ಯೆ ಹತ್ತದು ಎಂದು ಶಾಲೆಯಿಂದ ಹೊರಗೆ ಹಾಕುವುದು ಹೇಗೆ ಅನ್ಯಾಯವೋ, ಹೊಸದಾಗಿ ಹುಟ್ಟಿದ ಪಂಚಾಯಿತಿಯನ್ನು ನುರಿತ ಅಧಿಕಾರಿಯ ದಕ್ಷತೆಯೊಡನೆ ಹೋಲಿಸಿ ಅಯೋಗ್ಯವೆಂದು ತೀರ್ಮಾನಿಸುವುದೂ ಹಾಗೆಯೇ. ರಿಪ್ಪನ್ನರ ನಿರ್ಣಯವನ್ನು ಎಲ್ಲರೂ ಹೊಗಳಿದರು; ಆದರೆ ಪರೀಕ್ಷೆಯ ಸಮಯ ಬಂದಾಗಲೆಲ್ಲ ಅಧಿಕಾರಿಗಳು ಹಳೆಯ ಅಳತೆಗೋಲನ್ನೇ ಕೈಗೆ ತೆಗೆದುಕೊಂಡರು.

ಮೈಸೂರಿನಲ್ಲಿ 1902ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಪಂಚಾಯಿತಿ ಎಂಬ ಮೂರು ಅಂತಸ್ತುಗಳನ್ನು ಕಟ್ಟಿತು. ಜಿಲ್ಲಾ ಬೋರ್ಡಿಗೆ ಡೆಪ್ಯೂಟಿ ಕಮಿಷನರೇ ಅಧ್ಯಕ್ಷರು. ಕಂದಾಯವನ್ನು ವಸೂಲುಮಾಡುವ ಕೈಯೇ ಸ್ವಯಮಾಡಳಿತದ ಚುಕ್ಕಾಣಿಯನ್ನೂ ಹಿಡಿದಿದ್ದಿತು. ಬೋರ್ಡಿನಲ್ಲಿ ಕುಳಿತ ಖಾಸಗಿ ಸದಸ್ಯರು ತಮ್ಮ ಅಧ್ಯಕ್ಷರ ಮುಖವನ್ನು ನೋಡಿ ಮಾತಾಡಬೇಕಾದಂತಹ ಏರ್ಪಾಡು. ಪ್ರತಿನಿಧಿ ಸಭೆಯಲ್ಲಿ ಅಧಿಕಾರವಿಲ್ಲದೆ ಉತ್ತರವಿದ್ದಿತು. ಬೋರ್ಡಿನಲ್ಲಿ ಕೆಲಮಟ್ಟಿನ ಅಧಿಕಾರವಿದ್ದು ಉತ್ತರ ಕೊಡತಕ್ಕವರು ಯಾರೆಂಬುದು ಸ್ಪಷ್ಟವಾಗಲಿಲ್ಲ. ಕೆಲಸ ಕೆಟ್ಟರೆ ಅಧಿಕಾರಿಗಳು ಬೋರ್ಡನ್ನು ತೋರಿಸಬಹುದಾಗಿತ್ತು, ಸದಸ್ಯರು ಅಧಿಕಾರಿಗಳನ್ನು ತೋರಿಸಬಹುದಾಗಿತ್ತು. ರೈತ ಇಬ್ಬರನ್ನೂ ಬಿಟ್ಟು ಮತ್ತೆ ಅರ್ಜಿಯನ್ನೇ ಬರೆದನು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಈ ದೋಷ ಸರ್ಕಾರದ ಗಮನಕ್ಕೆ ಬಂದಿತು. 1914ರಲ್ಲಿ ಸ್ಥಳೀಯ ಸಂಸ್ಥೆಗಳ ಸ್ಥಿತಿಯನ್ನು ವಿಚಾರಿಸಲು ಎಂ. ಕಾಂತರಾಜ ಅರಸಿನವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದೇ ವರ್ಷ ಗ್ರಾಮಾಭಿವೃದ್ಧಿಯ ಯೋಜನೆಯೂ ಹೊರಟಿತು. ಊರೂರಿನಲ್ಲಿ ಸಮಿತಿಗಳು ಏರ್ಪಟ್ಟು, ಊರಿನವರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಶ್ರಮವನ್ನು ಕೊಡಬೇಕೆಂಬುದು ಅದರ ಒಂದು ಅಂಗ. 1918ರ ಶಾಸನ ಬೋರ್ಡುಗಳಲ್ಲಿ ಚುನಾಯಿತರ ಸಂಖ್ಯೆಯನ್ನು ಹೆಚ್ಚಿಸಿತು. 1926ರ ಶಾಸನಗಳು ತಾಲ್ಲೂಕು ಬೋರ್ಡುಗಳನ್ನು ತೆಗೆದು, ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯಿತಿ ಎಂಬ ಎರಡನ್ನು ಉಳಿಸಿ, ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರವನ್ನು ಕೊಟ್ಟವು.

ಇಲ್ಲಿ ಒಂದು ಸೂಕ್ಷ್ಮವಿದೆ. ತೆರಿಗೆಯ ಅಧಿಕಾರವನ್ನು ಕೊಟ್ಟುದು ಸ್ವಾತಂತ್ರ್ಯವನ್ನು ಕೊಟ್ಟಂತೆ ಎಂದು ಶಾಸನವನ್ನು ಬರೆದವರು ಎಣಿಸಿದರು. ಆದರೆ ಪಂಚಾಯಿತಿಯ ಸದಸ್ಯನಿಗೆ ಆ ಅಧಿಕಾರ ಕೈಸುಡುವ ಕೆಂಡದಂತೆ ಕಂಡಿತು. ದಾಯಾದಿಯ ಮೇಲೆ, ನೆರೆಮನೆಯವನ ಮೇಲೆ, ತನಗೆ ಮತ ಕೊಟ್ಟವನ ಮೇಲೆ ಮನೆಗಂದಾಯ ಹಾಕಿ ವಸೂಲುಮಾಡುವುದು ಸುಲಭವೆ? ವಸೂಲು ಕಡಿಮೆಯಾದರೆ ಮೇಲಿನ ಲೆಕ್ಕದಲ್ಲಿ ಆ ಪಂಚಾಯಿತಿ ನಾಲಾಯಕ್ಕು. ಹೆಚ್ಚಾದರೆ ಊರಿನವರ ಬಾಯಲ್ಲಿ ಅದು ಕಂಟಕ. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಎರಡು ವಿರುದ್ಧವಾದ ತೀರ್ಪುಗಳು. ಈ ಇಕ್ಕಟ್ಟು ಇಂದಿನ ಪಂಚಾಯಿತಿಗಳನ್ನೂ ಬಿಟ್ಟಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1949ರ ಕೊನೆಯಲ್ಲಿ ಪ್ರಜಾಪ್ರತಿನಿಧಿ ಸಭೆ ಮುಕ್ತಾಯವಾಯಿತು. ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದು, ಕೇಳುವವರ ವಲಯ ಹಿಂದೆಂದೂ ಕಾಣದಷ್ಟು ವಿಶಾಲವಾಯಿತು. ಪಂಚಾಯಿತಿಗಳನ್ನು ಸ್ಥಾಪಿಸುವುದು ರಾಜ್ಯದ ಕರ್ತವ್ಯವೆಂದು ಸಂವಿಧಾನದ 40ನೆಯ ವಿಧಿ ಹೇಳಿತು. ಆದರೆ ಹೇಳಿದ್ದು ನಿರ್ದೇಶಕ ತತ್ವಗಳ ಭಾಗದಲ್ಲಿ, ನ್ಯಾಯಾಲಯಕ್ಕೆ ಹೋಗಿ ಪಡೆಯುವಂತಹ ಹಕ್ಕಾಗಿ ಅಲ್ಲ. 1956ರ ನವೆಂಬರಿನಲ್ಲಿ ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಸೇರಿದಾಗ ಒಂದೊಂದು ಭಾಗಕ್ಕೆ ಒಂದೊಂದು ಪಂಚಾಯಿತಿ ಕಾನೂನು ಇದ್ದಿತು. ಇವೆಲ್ಲವನ್ನೂ 1959ರ ಕಾಯಿದೆ ಒಂದುಗೂಡಿಸಿತು. ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಲಿಗಳು ಚುನಾಯಿತ ಸಂಸ್ಥೆಗಳಾದುವು. ಜಿಲ್ಲೆಯ ಮಟ್ಟದ ಅಭಿವೃದ್ಧಿ ಪರಿಷತ್ತು ಮಾತ್ರ ಡೆಪ್ಯೂಟಿ ಕಮಿಷನರ ಅಧ್ಯಕ್ಷತೆಯಲ್ಲಿ ಸಲಹೆ ಕೊಡುವ ಸಂಸ್ಥೆಯಾಗಿ ಉಳಿಯಿತು. 1902ರ ಹಳೆಯ ಕಥೆ ಬೇರೆ ಹೆಸರಿನಲ್ಲಿ ಮುಂದುವರಿಯಿತೆಂದೇ ಹೇಳಬಹುದು. ಅಲ್ಲದೆ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಿಯಮಿತ ಅವಧಿಗಿಂತ ಎಷ್ಟೋ ಹೆಚ್ಚು ವರ್ಷಗಳು ಕಳೆದುಹೋದುವು. ತೀರ್ಪು ಹೇಳುವ ದಿನವೇ ಬಾರದಿದ್ದರೆ ತೀರ್ಪುಗಾರನಿಗೆ ಆಸಕ್ತಿ ಉಳಿಯುವುದು ಹೇಗೆ?

ಈ ನಿರುತ್ಸಾಹವನ್ನು ಮುರಿದುದು 1983ರ ಕಾಯಿದೆ. ರಾಷ್ಟ್ರಪತಿಗಳ ಒಪ್ಪಿಗೆ ಬಂದು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ಅದರ ಬೆನ್ನೆಲುಬಾಗಿ ನಿಂತವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿದುದಕ್ಕಾಗಿ ಜನ ಅವರನ್ನು ‘ನೀರು ಸಾಬ’ರೆಂದು ಕರೆದರು. ಒಬ್ಬ ಮಂತ್ರಿಯ ಬಗೆಗೆ ಹಳ್ಳಿಯ ಜನ ಕೊಟ್ಟ ತೀರ್ಪು ಆ ಎರಡು ಶಬ್ದಗಳಲ್ಲಿ ಅಡಗಿದೆ. ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯಸಚಿವರ ಅಂತಸ್ತು ದೊರೆಯಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಬಂದ ಅಧಿಕಾರಿ ಡೆಪ್ಯೂಟಿ ಕಮಿಷನರಿಗಿಂತ ಹಿರಿಯರು. ಸ್ಥಾನಗಳಲ್ಲಿ ನೂರಕ್ಕೆ 25 ಹೆಂಗಸರಿಗೆ ಮೀಸಲಾದುವು; ದೇಶಕ್ಕೆಲ್ಲ ಅನ್ವಯಿಸುವ ಮೀಸಲಾತಿ ಬರುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದುವು.

ಈ ಪ್ರಯೋಗವನ್ನು ಅಳೆದವರು ಅನೇಕರು. ರಾಜ್ಯ ಸರ್ಕಾರವೇ ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಮೌಲ್ಯನಿರ್ಣಯ ಸಮಿತಿಯನ್ನು ನೇಮಿಸಿ, 1989ರಲ್ಲಿ ವರದಿಯನ್ನು ಪಡೆಯಿತು. ಅನಂತರ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮೇನರ್ ಎಂಬ ಇಬ್ಬರು ವಿದ್ವಾಂಸರು ಕರ್ನಾಟಕ, ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್ ಈ ನಾಲ್ಕು ಕಡೆಗಳ ವಿಕೇಂದ್ರೀಕರಣವನ್ನು ಹೋಲಿಸಿ 1998ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕಚೇರಿಯ ಕಾಗದಗಳನ್ನಷ್ಟೇ ನೋಡದೆ, ಹಳ್ಳಿಯ ಜನರ ಅಭಿಪ್ರಾಯವನ್ನೂ ಕೇಳಿ ಬರೆದ ಗ್ರಂಥವದು. ನಾಲ್ಕರಲ್ಲಿ ಕರ್ನಾಟಕದ ಪ್ರಯೋಗವೇ ಮೇಲೆಂಬುದು ಅವರ ನಿರ್ಣಯ.

ಅವರು ಕಂಡ ಸಂಗತಿಗಳಲ್ಲಿ ಕೆಲವನ್ನು ನಾವು ಗಮನಿಸಬೇಕು. ಹಳ್ಳಿಯ ಶಾಲೆಗಳಿಗೆ ಮೇಷ್ಟರುಗಳು ಹಿಂದಿಗಿಂತ ಸರಿಯಾಗಿ ಬರತೊಡಗಿದರು. ಆರೋಗ್ಯ ಕೇಂದ್ರದ ನೌಕರರೂ ಹಾಗೆಯೇ. ಇದಕ್ಕೆ ಹೊಸ ಹಣವೇನೂ ಬೇಕಾಗಲಿಲ್ಲ. ಮೇಷ್ಟರು ಬಂದರೋ ಇಲ್ಲವೋ ಎಂಬುದು ರಾಜಧಾನಿಯಲ್ಲಿ ಕುಳಿತ ನಿರ್ದೇಶಕರಿಗೆ ಕಾಣುವುದಿಲ್ಲ, ಮಂಡಲದ ಸದಸ್ಯನಿಗೆ ಕಾಣುತ್ತದೆ, ಅಷ್ಟೆ. ಬರ ಬೀಳುವ ಸೂಚನೆ, ರೋಗ ಹರಡುವ ಸುದ್ದಿ ಜಿಲ್ಲಾ ಕೇಂದ್ರಕ್ಕೆ ಹಿಂದಿಗಿಂತ ಬೇಗ ತಲುಪತೊಡಗಿತು. 1876ರ ಕ್ಷಾಮವನ್ನು ನೆನೆದರೆ ಈ ಒಂದು ಗುಣದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಲಂಚದ ವಿಷಯದಲ್ಲಿಯೂ ಅವರು ಒಂದು ವಿಚಿತ್ರವನ್ನು ಕಂಡರು. ಹಣಕ್ಕೆ ಕೈಯೊಡ್ಡುವವರ ಸಂಖ್ಯೆ ಹೆಚ್ಚಾಯಿತು, ಆದರೆ ಒಟ್ಟಿನಲ್ಲಿ ಸೋರಿಹೋಗುವ ಹಣ ಕಡಿಮೆಯಾಯಿತು. ಹಿಂದೆ ದೂರದಲ್ಲಿ, ಕಾಣದಂತೆ ನಡೆಯುತ್ತಿದ್ದುದು ಈಗ ಊರಿನ ಕಣ್ಣೆದುರಿಗೆ ಬಂದಿತು. ಕಣ್ಣಿಗೆ ಕಂಡ ಸಣ್ಣ ಕಳವು, ಕಾಣದ ದೊಡ್ಡ ಕಳವಿಗಿಂತ ಹೆಚ್ಚು ಕೋಪವನ್ನು ಹುಟ್ಟಿಸುತ್ತದೆ. ಆದುದರಿಂದ ಸಂಸ್ಥೆ ಉತ್ತಮವಾಗುತ್ತಿರುವ ಕಾಲದಲ್ಲಿಯೇ ಅದರ ಹೆಸರು ಕೆಡುವ ಸಂಭವವುಂಟು.

ಈ ಚಿತ್ರಕ್ಕೆ ಮತ್ತೊಂದು ಮಗ್ಗುಲೂ ಇದೆ. ವರ್ಷಕ್ಕೆರಡು ಬಾರಿ ಗ್ರಾಮಸಭೆಯನ್ನು ಕರೆಯಬೇಕೆಂದು ಕಾಯಿದೆಯಲ್ಲಿದ್ದಿತು. ಮೊದಮೊದಲು ಸೇರಿದ ಸಭೆಗಳಲ್ಲಿ ಊರಿನವರು ಮುಖಕ್ಕೆ ಹೊಡೆದಂತೆ ಪ್ರಶ್ನೆ ಕೇಳಿದರು. ಅನಂತರ ಬಹಳ ಕಡೆ ಸದಸ್ಯರು ಸಭೆಯನ್ನು ಕರೆಯುವುದನ್ನೇ ಬಿಟ್ಟರು, ಅಥವಾ ಹೆಸರಿಗೆ ಮಾತ್ರ ಕರೆದರು. ಬಡವರಿಗೆ, ಪರಿಶಿಷ್ಟ ಜಾತಿಗಳವರಿಗೆ, ಹೆಂಗಸರಿಗೆ ದೊರೆತ ಲಾಭವೂ ಊರಿನ ಬಲವಂತರಿಗೆ ದೊರೆತುದಕ್ಕಿಂತ ಕಡಿಮೆ. ಹೊಣೆಗಾರನ ಗುರುತು ಸ್ಪಷ್ಟವಾಯಿತು, ಮತದ ವಲಯವೂ ವಿಶಾಲವಾಗಿದ್ದಿತು. ಎದುರೆದುರು ಪ್ರಶ್ನೆ ಕೇಳುವ ಸ್ಥಳ ಮಾತ್ರ ಮುಚ್ಚಿಹೋಗುತ್ತಿದ್ದಿತು.

ಐದು ವರ್ಷಗಳ ಅವಧಿ ಮುಗಿದ ಮೇಲೆ ಈ ಸಂಸ್ಥೆಗಳಿಗೆ ಹೊಸ ಚುನಾವಣೆ ಕಾಲಕ್ಕೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಪ್ರಯೋಗ ಫಲಿಸಿತೆ ಇಲ್ಲವೆ ಎಂದು ಹಳ್ಳಿಯವರನ್ನು ಕೇಳಿ ಮಾಡಿದ ನಿರ್ಧಾರವಲ್ಲ ಅದು. ಇಂತಹ ಅನುಭವಗಳು ದೇಶದ ನಾನಾ ಭಾಗಗಳಲ್ಲಿ ಆದುದರಿಂದಲೇ ಸಂವಿಧಾನದ 73ನೆಯ ತಿದ್ದುಪಡಿ ಬಂದು, 1993ರ ಏಪ್ರಿಲ್ 24ರಂದು ಜಾರಿಯಾಯಿತು. ಪಂಚಾಯಿತಿಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗಾಗಿ ನಡೆಯಬೇಕು. ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯಿದೆಯೂ ಅದೇ ವರ್ಷ ಮೇ ತಿಂಗಳಿನಲ್ಲಿ ಜಾರಿಗೆ ಬಂದಿತು.

ಇನ್ನು ಪ್ರಜೆಗಳ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಬರೋಣ. ಜನರು ಹೇಳಿದುದೆಲ್ಲ ಸತ್ಯವೆಂದು ತಲೆಯ ಮೇಲೆ ಹೊತ್ತುಕೊಳ್ಳುವುದೂ ಸರಿಯಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನವರು 24 ರಾಜ್ಯಗಳ ಹಳ್ಳಿಗಳಲ್ಲಿ ಸಂಗ್ರಹಿಸಿದ ವಿವರಗಳನ್ನು ಆಧಾರವಾಗಿಟ್ಟುಕೊಂಡು ಎಸ್ತರ್ ಡುಫ್ಲೋ ಮತ್ತು ಪೆಟಿಯಾ ಟೊಪಲೋವಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 2004ರಲ್ಲಿ ಒಂದು ಪ್ರಬಂಧವನ್ನು ಬರೆದರು. ಅಧ್ಯಕ್ಷಸ್ಥಾನ ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಅನುಕೂಲ ಮೊದಲಾದುವು ಹೆಚ್ಚು. ಅವುಗಳ ಸ್ಥಿತಿಯೂ ಉಳಿದ ಕಡೆಗಳಿಗಿಂತ ಕೀಳಲ್ಲ. ಲಂಚ ಕೊಟ್ಟೆವೆಂದು ಹೇಳುವವರು ಕಡಿಮೆ. ಆದರೂ ಆ ಊರಿನವರನ್ನು ಕೇಳಿದರೆ, ಹೆಂಗಸರೂ ಗಂಡಸರೂ ಸೇರಿ, ತಮಗೆ ತೃಪ್ತಿ ಕಡಿಮೆಯೆಂದು ಹೇಳಿದರು. ನಲ್ಲಿಯಲ್ಲಿ ನೀರು ಬರುತ್ತಿದ್ದರೂ, ನೀರು ತಂದವಳು ಹೆಂಗಸಾದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲವೆಂದು ತೋರುತ್ತದೆ. ಜನಾಭಿಪ್ರಾಯದ ಹಿಂದೆ ಹಳೆಯ ಅಭ್ಯಾಸ, ಜಾತಿ, ಪಕ್ಷ, ಹಿಂದಿನ ಜಗಳ ಎಲ್ಲವೂ ಸೇರಿಕೊಂಡಿರುತ್ತವೆ. ಕರ್ನಾಟಕದಲ್ಲಿ 2010ರಲ್ಲಿ ಹೆಂಗಸರ ಮೀಸಲಾತಿಯನ್ನು ಅರ್ಧಕ್ಕೆ ಏರಿಸಿದಾಗ ಕೇಳಿಬಂದ ಹಾಸ್ಯಗಳನ್ನು ನೆನೆದರೆ, ನಗರದವರಾದ ನಾವೂ ಈ ದೋಷದಿಂದ ಮುಕ್ತರಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಹಾಗಾದರೆ ಕಚೇರಿಯ ಲೆಕ್ಕವನ್ನೇ ನಂಬೋಣವೆ? ಅದರ ಸೋಗನ್ನೂ ನಾವು ನೋಡಿಯಾಯಿತು. ಎರಡನ್ನೂ ಒಂದೇ ಕಡೆ ತಂದು, ಎಲ್ಲರ ಎದುರಿಗೆ ತಾಳೆ ನೋಡುವುದೊಂದೇ ದಾರಿ. ಈ ದಾರಿ ನಮಗೆ ಹೊಸದೂ ಅಲ್ಲ. ಹಿಂದೆ ವರ್ಷವರ್ಷವೂ ನಡೆಯುತ್ತಿದ್ದ ಜಮಾಬಂದಿಯಲ್ಲಿ ಅಧಿಕಾರಿ ತಾಲ್ಲೂಕಿಗೆ ಬಂದು, ಊರಿನ ಲೆಕ್ಕವನ್ನು ಮುಂದಿಟ್ಟುಕೊಂಡು, ರೈತರ ಅಹವಾಲನ್ನು ಕೇಳುತ್ತಿದ್ದರು. ಆ ಹಳೆಯ ಶಬ್ದವನ್ನೇ ನಮ್ಮ ಕಾಲದ ಗ್ರಾಮ ಪಂಚಾಯಿತಿಗಳ ನಿಯಮಗಳೂ ಎತ್ತಿಕೊಂಡುವು. ಪಂಚಾಯಿತಿಯ ಲೆಕ್ಕಪುಸ್ತಕವನ್ನು ಊರಿನವರ ಮುಂದೆ ತೆರೆದು, ಬರೆದಿರುವ ಕೆಲಸ ನೆಲದ ಮೇಲೆ ಆಗಿದೆಯೆ ಎಂದು ಹೋಗಿ ನೋಡುವುದು ಈಗಿನ ಜಮಾಬಂದಿಯ ಉದ್ದೇಶ. ಹಿಂದೆ ದೊರೆಯ ಪರವಾಗಿ ರೈತನ ಲೆಕ್ಕವನ್ನು ನೋಡುತ್ತಿದ್ದ ಶಬ್ದ ಈಗ ರೈತನ ಪರವಾಗಿ ಆಡಳಿತದ ಲೆಕ್ಕವನ್ನು ನೋಡುವಂತಾಯಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿ ಸೇರಿಸಲಾದ ಸಾಮಾಜಿಕ ಪರಿಶೋಧನೆಯೂ ಇದೇ ಜಾತಿಯದು.

ಇದರಿಂದ ಫಲವುಂಟೆ ಎಂದು ಕೇಳುವವರಿಗೆ ಒಂದು ಸಾಕ್ಷಿಯನ್ನು ಹೇಳಬಹುದು. ತಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಎಂಬ ವಿದ್ವಾಂಸರು ಕರ್ನಾಟಕವೂ ಸೇರಿದ ನಾಲ್ಕು ದಕ್ಷಿಣ ರಾಜ್ಯಗಳ ಹಳ್ಳಿಗಳನ್ನು ಪರಿಶೀಲಿಸಿ 2005ರಲ್ಲಿ ಬರೆದ ಪ್ರಬಂಧದ ಪ್ರಕಾರ, ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಸರ್ಕಾರದ ನೆರವು ಅಕ್ಷರ ಬಾರದವರಿಗೆ, ಭೂಮಿಯಿಲ್ಲದವರಿಗೆ, ಪರಿಶಿಷ್ಟರಿಗೆ ತಲುಪುವುದು ಹೆಚ್ಚು. ಸಭೆಗೆ ಬರುವ ಮನೆಗಳವರು ಅಲ್ಪಸಂಖ್ಯಾತರೇ. ಆದರೂ ಎಲ್ಲರೆದುರು ಹೆಸರನ್ನು ಓದಬೇಕಾದಾಗ, ಎರಡಂತಸ್ತಿನ ಮನೆಯವನ ಹೆಸರನ್ನು ಬಡವರ ಪಟ್ಟಿಯಲ್ಲಿ ಓದುವುದಕ್ಕೆ ನಾಲಗೆ ಸ್ವಲ್ಪ ತಡವರಿಸುತ್ತದೆ. ನಾಚಿಕೆಯೂ ಆಡಳಿತಕ್ಕೆ ಒಂದು ಸಾಧನವೇ.

ನಗರವಾಸಿಗಳಾದ ಕೇಳುಗರಿಗೆ ಇದರಲ್ಲಿ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. 1994ರಲ್ಲಿ ಬೆಂಗಳೂರಿನ ನಾಗರಿಕರು ತಮ್ಮ ನೀರು, ವಿದ್ಯುತ್ತು, ದೂರವಾಣಿ ಮೊದಲಾದ ಸೇವೆಗಳ ಬಗೆಗೆ ಕೊಟ್ಟ ಅಭಿಪ್ರಾಯವನ್ನು ಸಂಗ್ರಹಿಸಿ, ಶಾಲೆಯ ಮಕ್ಕಳ ಪ್ರಗತಿಪತ್ರದಂತೆ ಪ್ರಕಟಿಸಲಾಯಿತು. ಸ್ಯಾಮುಯೆಲ್ ಪಾಲ್ ಅವರು ಆ ಕೆಲಸಕ್ಕೆ ಮುಂದಾಳು. ಸೇವೆಗೆ ಕಡಿಮೆ ಅಂಕ ಬಿದ್ದಿತೆಂದು ನೀರಿನ ಮಂಡಲಿಯನ್ನೋ ವಿದ್ಯುತ್ ಮಂಡಲಿಯನ್ನೋ ಮುಚ್ಚಬೇಕೆಂದು ಯಾರೂ ಹೇಳಲಿಲ್ಲ, ತಿದ್ದಬೇಕೆಂದರು. ಹಳ್ಳಿಯ ಪಂಚಾಯಿತಿಯ ವಿಷಯದಲ್ಲಿ ಮಾತ್ರ ನಮ್ಮ ನಾಲಗೆ ಬೇರೆ ರೀತಿಯಲ್ಲಿ ಹೊರಳುತ್ತದೆ. ಒಂದು ಪಂಚಾಯಿತಿಯಲ್ಲಿ ಹಣ ದುರುಪಯೋಗವಾಯಿತೆಂದು ಪತ್ರಿಕೆಯಲ್ಲಿ ಓದಿದೊಡನೆಯೇ, ಹಳ್ಳಿಯವರಿಗೆ ಅಧಿಕಾರ ಕೊಟ್ಟುದೇ ತಪ್ಪು, ದಕ್ಷ ಅಧಿಕಾರಿಯೊಬ್ಬನನ್ನು ಕೂರಿಸಿದರೆ ಸಾಕು ಎನ್ನುವವರು ವಿದ್ಯಾವಂತರಲ್ಲಿ ಕಡಿಮೆಯಿಲ್ಲ.

ಈ ಮಾತಿಗೆ ಬೆಲೆ ತೆರುವವರು ಯಾರು ಎಂಬುದನ್ನು ಇತ್ತೀಚಿನ ಚರಿತ್ರೆ ತೋರಿಸಿಕೊಟ್ಟಿದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಸಂವಿಧಾನದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ ಕಾಲಕ್ಕೆ ಸರಿಯಾಗಿ ಮರುಚುನಾವಣೆ ನಡೆಯಲಿಲ್ಲ. ಕ್ಷೇತ್ರಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯವಹಾರ ಇವುಗಳ ನಡುವೆ ವರ್ಷಗಳು ಉರುಳಿದುವು. ಆಡಳಿತಾಧಿಕಾರಿಗಳು ಮತ್ತೆ ಬಂದು ಕುಳಿತರು. ನಗರಗಳಲ್ಲಿ ಇದರ ಸದ್ದು ಅಷ್ಟಾಗಿ ಕೇಳಿಸಲಿಲ್ಲ. ಆ ಅಧಿಕಾರಿಗಳು ದಕ್ಷರೇ ಆಗಿದ್ದರೆಂದು ಒಪ್ಪಿಕೊಳ್ಳೋಣ. ಅವರ ಲೆಕ್ಕ ಅಚ್ಚುಕಟ್ಟಾಗಿಯೇ ಇದ್ದಿತೆಂದೂ ಒಪ್ಪೋಣ. ಆದರೆ ಅವರ ಕೆಲಸ ಕೆಟ್ಟರೆ ರೈತ ಅವರನ್ನು ಐದು ವರ್ಷಕ್ಕೊಮ್ಮೆಯಾದರೂ ಬದಲಾಯಿಸಲಾರ.

ಆದುದರಿಂದ ನಾವು ಹೇಳಬೇಕಾದುದು ಇಷ್ಟು. ಗ್ರಾಮಾಂತರದ ಆಡಳಿತವನ್ನು ಅಳೆಯುವಾಗ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ಕೆಲಸ ಎಷ್ಟಾಯಿತು ಎಂಬುದು ಮೊದಲನೆಯದು; ಇದಕ್ಕೆ ಕಚೇರಿಯ ಲೆಕ್ಕ ಬೇಕು. ಆದ ಕೆಲಸ ಯಾರಿಗೆ ಮುಟ್ಟಿತು ಎಂಬುದು ಎರಡನೆಯದು. ಇದಕ್ಕೆ ಊರಿನವರ ಮಾತು, ಅದರಲ್ಲಿಯೂ ಕೊನೆಯ ಕೇರಿಯವರ ಮಾತು ಬೇಕು. ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು, ಕೇಳಿದರೆ ಉತ್ತರ ಬರುತ್ತದೆಯೆ ಎಂಬುದು ಮೂರನೆಯದು. ಈ ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರವಿರುವಲ್ಲಿ ಮೊದಲೆರಡರ ಕೊರತೆ ನಿಧಾನವಾಗಿಯಾದರೂ ತುಂಬಿಬರುವುದನ್ನು ನಾವು ಕಂಡಿದ್ದೇವೆ. 1881ರ ಸಭೆಗೆ ಬಲವಿಲ್ಲದಿದ್ದರೂ ಜನ ಅದನ್ನು ಗೌರವಿಸಿದುದು ಇದಕ್ಕಾಗಿ. 1987ರಲ್ಲಿ ಹೊಸ ಹಣವಿಲ್ಲದೆಯೇ ಮೇಷ್ಟರು ಶಾಲೆಗೆ ಬಂದುದೂ ಇದಕ್ಕಾಗಿಯೇ. ಉತ್ತರ ನಿಂತ ಕಡೆಯಲ್ಲಿ, ಎಷ್ಟು ಕಲ್ಲು ಗಾರೆ ಸುರಿದರೂ ಜನ ಆ ಸಂಸ್ಥೆಯನ್ನು ತಮ್ಮದೆಂದು ತಿಳಿಯಲಿಲ್ಲ. ಅದು ಮುಚ್ಚಿಹೋದಾಗ ಅವರಿಂದ ಕಣ್ಣೀರನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಪಂಚಾಯಿತಿಯ ಯೋಗ್ಯತೆಯನ್ನು ಕುರಿತು ಮಾತಾಡುವ ಮುನ್ನ, ಅದರ ಗ್ರಾಮಸಭೆ ಹೋದ ವರ್ಷ ಸೇರಿತೆ, ಲೆಕ್ಕವನ್ನು ಊರಿನ ಮುಂದೆ ಓದಿದರೆ, ಚುನಾವಣೆ ಕಾಲಕ್ಕೆ ನಡೆಯಿತೆ ಎಂದು ವಿಚಾರಿಸುವ ಅಭ್ಯಾಸವನ್ನು ನಮ್ಮ ವಿದ್ಯಾವಂತರು ಬೆಳೆಸಿಕೊಂಡರೆ ಒಳ್ಳೆಯದು. ಇವುಗಳಲ್ಲಿ ಯಾವುದೂ ಆಗದಿದ್ದರೆ ತಪ್ಪು ಹಳ್ಳಿಯವರದೋ ಮೇಲಿನವರದೋ ಎಂಬುದನ್ನು ಅನಂತರ ತೀರ್ಮಾನಿಸಬಹುದು.